ಏಪ್ರನ್ ಕಟ್ಟಿಕೊಂಡ ವಾಷಿಂಗ್ಟನ್

ಅಮೆರಿಕದ ಒಂದು ಡಾಲರ್ ನೋಟನ್ನು ಕೈಯಲ್ಲಿ ಹಿಡಿಯದವರಿಗೂ ಅದರ ಮೇಲಿನ ಮುಖ ಗೊತ್ತಿರುತ್ತದೆ. ಬಿಗಿದ ತುಟಿ, ಉಬ್ಬಿದ ದವಡೆ, ಎರಡೂ ಕಡೆ ಪೌಡರ್ ಹಚ್ಚಿದ ಬಿಳಿ ಕೂದಲು. ಜಾರ್ಜ್ ವಾಷಿಂಗ್ಟನ್. ಆ ಮುಖವನ್ನು ನೀವು ಕುದುರೆಯ ಮೇಲೆ ನೋಡಿರಬಹುದು, ದೋಣಿಯಲ್ಲಿ ನಿಂತು ಹಿಮದ ನದಿ ದಾಟುವುದನ್ನು ನೋಡಿರಬಹುದು. ಈ ಸಲ ಅದೇ ಮುಖದ ಇನ್ನೊಂದು ವೇಷದ ಬಗ್ಗೆ ಬರೆಯುತ್ತೇನೆ.

19ನೇ ಶತಮಾನದ ಅಮೆರಿಕದ ಜನಪದ ಚಿತ್ರಗಳಲ್ಲಿ ಒಂದು ಬಗೆಯಿದೆ. ರಾಷ್ಟ್ರಪಿತ ಕಪ್ಪು ಕೋಟು ತೊಟ್ಟು ನೆಟ್ಟಗೆ ನಿಂತಿದ್ದಾನೆ. ಸೊಂಟಕ್ಕೆ ಒಂದು ಬಿಳಿ ಏಪ್ರನ್. ಕೊರಳಲ್ಲಿ ಪದಕ. ಒಂದು ಕೈಯಲ್ಲಿ ಗಾರೆ ಕೆಲಸದವರ ಕರಣೆ, ಇಲ್ಲವೇ ಪುಟ್ಟ ಸುತ್ತಿಗೆ. ಕಾಲ ಕೆಳಗೆ ಚದುರಂಗದ ಹಾಸಿನಂಥ ಕಪ್ಪು-ಬಿಳುಪು ನೆಲ. ಅಕ್ಕಪಕ್ಕ ಎರಡು ಕಂಬ. ಮೇಲೆ ಸೂರ್ಯ, ಚಂದ್ರ, ನಡುವೆ ಒಂದೇ ಒಂದು ಕಣ್ಣು. ದೇಶದ ಮೊದಲ ಅಧ್ಯಕ್ಷ, ಸೇನಾಪತಿ, ಸಾವಿರಾರು ಎಕರೆಯ ಜಮೀನುದಾರ ಇಲ್ಲಿ ಮೇಸ್ತ್ರಿಯ ವೇಷದಲ್ಲಿ ನಿಂತಿದ್ದಾನೆ. ಏಕೆಂದರೆ ಅವನು ಫ್ರೀಮೇಸನ್.

ಫ್ರೀಮೇಸನ್ ಅಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ವಾಟ್ಸಾಪ್ ನೆನಪಾಗುತ್ತದೆ. ಡಾಲರ್ ನೋಟಿನ ಪಿರಮಿಡ್ಡು, ಅದರ ಮೇಲಿನ ಕಣ್ಣು, ಜಗತ್ತನ್ನು ಆಳುತ್ತಿರುವ ಹದಿಮೂರು ಮನೆತನಗಳು ಇತ್ಯಾದಿ. ಅಂಥದ್ದೊಂದು ಫಾರ್ವರ್ಡ್ ಬಾರದ ಫ್ಯಾಮಿಲಿ ಗ್ರೂಪ್ ಇದ್ದರೆ ನನಗೂ ಸೇರಿಸಿ. ಮೊದಲು ಅದನ್ನು ಮುಗಿಸಿಬಿಡೋಣ. ಆ ಪಿರಮಿಡ್ಡು ಮತ್ತು ಕಣ್ಣು ಅಮೆರಿಕದ ರಾಜಮುದ್ರೆಯ ಹಿಂಬದಿ. ಮುದ್ರೆ ಅಂತಿಮವಾದದ್ದು 1782ರಲ್ಲಿ. ಅದನ್ನು ರೂಪಿಸಿದ ಚಾರ್ಲ್ಸ್ ಥಾಮ್ಸನ್ ಮತ್ತು ವಿಲಿಯಂ ಬಾರ್ಟನ್ ಮೇಸನ್ನರಾಗಿದ್ದರು ಎನ್ನಲು ದಾಖಲೆಯಿಲ್ಲ. 1776ರ ಮೊದಲ ಸಮಿತಿಯಲ್ಲಿದ್ದ ಮೇಸನ್ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದು ಕಣ್ಣನ್ನಲ್ಲ. ಸಮುದ್ರ ಸೀಳಿ ನಿಂತ ಮೋಸೆಸ್‌ನ ಕಥೆಯನ್ನು. ದೇವರ ಕಣ್ಣು ಆ ಕಾಲದ ಕ್ರೈಸ್ತ ಚಿತ್ರಕಲೆಯಲ್ಲೇ ಬೇಕಾದಷ್ಟಿತ್ತು. ಒಂದು ಡಾಲರ್ ನೋಟಿನ ಮೇಲೆ ಆ ಪಿರಮಿಡ್ಡು ಬಂದದ್ದು 1935ರಲ್ಲಿ. ಅಲ್ಲಿಗೆ ಆ ಕಥೆ ಮುಗಿಯಿತು. ಇದಕ್ಕಿಂತ ನಿಜವಾದ ಕಥೆಯೇ ಹೆಚ್ಚು ಸ್ವಾರಸ್ಯವಾಗಿದೆ.

ಯುರೋಪಿನಲ್ಲಿ ಕಲ್ಲು ಕೆಲಸದವರಿಗೆ ತಮ್ಮದೇ ಕೂಟಗಳಿದ್ದವು. ಕಾಲಕ್ರಮದಲ್ಲಿ ಕಲ್ಲು ಕೆತ್ತದ ಶ್ರೀಮಂತರು, ವಿದ್ವಾಂಸರು ಆ ಹೆಸರು, ಆ ಸಲಕರಣೆ ಇಟ್ಟುಕೊಂಡು ಸಂಘ ಕಟ್ಟಿದರು. 18ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಇದಕ್ಕೊಂದು ಕೇಂದ್ರ ವ್ಯವಸ್ಥೆ ಬಂತು. ಪ್ರತಿ ಶಾಖೆಗೆ ‘ಲಾಡ್ಜ್’ ಎಂದು ಹೆಸರು. ಮೆಜೆಸ್ಟಿಕ್ ಸುತ್ತಮುತ್ತ ನಾವು ಕಂಡ ಲಾಡ್ಜ್ ಅಲ್ಲ, ಬೇರೆ. ಕೈವಾರ ಅಂದರೆ ಆಸೆಗೆ ಮಿತಿ, ಮೂಲೆಮಟ್ಟ ಅಂದರೆ ನೇರ ನಡತೆ, ಮಟ್ಟಗೋಲು ಅಂದರೆ ಎಲ್ಲರೂ ಸಮಾನರು, ತೂಗುಗುಂಡು ಅಂದರೆ ಪ್ರಾಮಾಣಿಕತೆ, ಕರಣೆ ಅಂದರೆ ಸೋದರತ್ವದ ಗಾರೆ ಮೆತ್ತುವುದು. ಹೀಗೆ ಒಂದೊಂದು ಸಲಕರಣೆಗೂ ಒಂದೊಂದು ನೀತಿ. ಕುರಿಮರಿಯ ಚರ್ಮದ ಬಿಳಿ ಏಪ್ರನ್ ಎಲ್ಲಕ್ಕಿಂತ ಮುಖ್ಯವಾದ ಉಡುಪು. ಗುಟ್ಟಿನ ಸಂಕೇತ, ಪ್ರಮಾಣ ವಚನ, ಮೂರು ಮೆಟ್ಟಿಲುಗಳ ದೀಕ್ಷೆ ಇವೆಲ್ಲ ಇದ್ದವು, ಇವೆ.

ಇದು ನಮಗೆ ತೀರಾ ದೂರದ್ದೂ ಅಲ್ಲ. ಕಲ್ಕತ್ತೆಯಲ್ಲಿ 1730ರಲ್ಲೇ ಮೇಸನಿಕ್ ಲಾಡ್ಜ್ ಇತ್ತು. ವಿವೇಕಾನಂದರು ಸನ್ಯಾಸಕ್ಕೆ ಮುಂಚೆ, ನರೇಂದ್ರನಾಥ ದತ್ತ ಆಗಿದ್ದಾಗ, 1884ರಲ್ಲಿ ಅಲ್ಲಿನ ಒಂದು ಲಾಡ್ಜ್ ಸೇರಿದ್ದರು. ಮೋತಿಲಾಲ್ ನೆಹರೂ ಮೇಸನ್. ಸ್ವತಂತ್ರ ಭಾರತದ ಗ್ರ್ಯಾಂಡ್ ಲಾಡ್ಜ್ ಶುರುವಾದದ್ದು 1961ರಲ್ಲಿ. ದೆಹಲಿಯ ಜನಪಥ, ಮುಂಬೈಯ ಕೋಟೆ ಪ್ರದೇಶ, ಚೆನ್ನೈಯ ಎಗ್ಮೋರ್, ಹೈದರಾಬಾದಿನ ಗೋಶಾಮಹಲ್, ಹೀಗೆ ನೀವಿರುವ ಊರಿನಲ್ಲೂ ಒಂದು ಹಳೆಯ ಮೇಸನಿಕ್ ಕಟ್ಟಡವಿರಬಹುದು. ಬಸ್ಸಿನಲ್ಲಿ ಅದರ ಮುಂದೆ ಎಷ್ಟೋ ಸಲ ಹೋಗಿರುತ್ತೀರಿ. ಬಾಗಿಲ ಮೇಲೆ ಕೈವಾರ ಮತ್ತು ಮೂಲೆಮಟ್ಟದ ಗುರುತು ಕಂಡರೆ ಅದೇ.

ಈಗ ವಾಷಿಂಗ್ಟನ್ನಿಗೆ ಬರೋಣ. 1752ರ ನವೆಂಬರ್ 4ರಂದು ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಎಂಬ ಊರಿನ ಲಾಡ್ಜ್‌ನಲ್ಲಿ ಅವನ ಮೊದಲ ದೀಕ್ಷೆ ಆಯಿತು. ವಯಸ್ಸು 20. ಪ್ರವೇಶ ಶುಲ್ಕ 2 ಪೌಂಡ್ 3 ಶಿಲಿಂಗ್ ಕಟ್ಟಿದ ಲೆಕ್ಕ ಉಳಿದಿದೆ. 1753ರ ಆಗಸ್ಟ್ ಹೊತ್ತಿಗೆ ಮೂರನೇ ಮೆಟ್ಟಿಲೂ ಮುಗಿದು ‘ಮಾಸ್ಟರ್ ಮೇಸನ್’ ಆದ. ಅಪ್ಪನಿಲ್ಲದ, ಹೆಚ್ಚು ಓದದ, ಮೇಲೇರುವ ಹಂಬಲದ ಹುಡುಗನಿಗೆ ಊರಿನ ದೊಡ್ಡವರ ಜೊತೆ ಕೂರಲು ಅದೊಂದು ಬಾಗಿಲು. ಈಗಿನ ನಮ್ಮ ಹುಡುಗರು ಎಂಬಿಎ ಮಾಡಿ ‘ನೆಟ್‌ವರ್ಕ್’ ಕಟ್ಟಿಕೊಳ್ಳುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ.

ಮುಂದೆ ಅವನು ಅಧ್ಯಕ್ಷನಾದಾಗಲೂ ಮೇಸನ್ನರ ನೆರಳು ಅಲ್ಲಲ್ಲಿ ಕಾಣುತ್ತದೆ. 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಅವನು ಪ್ರಮಾಣ ವಚನ ತೆಗೆದುಕೊಂಡದ್ದು ಅಲ್ಲಿನ ಸೇಂಟ್ ಜಾನ್ಸ್ ಲಾಡ್ಜ್‌ನಿಂದ ತಂದ ಬೈಬಲ್ ಮುಟ್ಟಿ. 1793ರ ಸೆಪ್ಟೆಂಬರ್ 18ರಂದು ಹೊಸ ರಾಜಧಾನಿಯಲ್ಲಿ ಕ್ಯಾಪಿಟಲ್ ಕಟ್ಟಡದ ಅಡಿಗಲ್ಲನ್ನು ಮೇಸನಿಕ್ ವಿಧಿಯಂತೆ, ಬೆಳ್ಳಿಯ ಕರಣೆ ಹಿಡಿದು ಇಟ್ಟ. 1799ರ ಡಿಸೆಂಬರ್ 14ರಂದು ತೀರಿಕೊಂಡಾಗ, ನಾಲ್ಕು ದಿನದ ನಂತರ ಮೌಂಟ್ ವರ್ನನ್‌ನಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಪಾದ್ರಿಯ ಪ್ರಾರ್ಥನೆಯ ಜೊತೆ ಮೇಸನ್ನರ ವಿಧಿಯೂ ನಡೆಯಿತು. ಮ್ಯಾಸಚೂಸೆಟ್ಸ್ ಮೇಸನ್ನರು ಅವನ ಹೆಂಡತಿಯಿಂದ ಒಂದು ಎಳೆ ಕೂದಲು ಕೇಳಿ ಪಡೆದು, ಪಾಲ್ ರಿವಿಯರ್ ಕೈಯಲ್ಲಿ ಚಿನ್ನದ ಕರಂಡ ಮಾಡಿಸಿ ಇಟ್ಟುಕೊಂಡರು. ಭಕ್ತಿ ಅಂದರೆ ಹಾಗೆ.

ಅವನು ಬದುಕಿದ್ದಾಗಲೇ ಒಂದು ಮೇಸನಿಕ್ ಭಾವಚಿತ್ರ ತಯಾರಾಗಿತ್ತು. ಅದರ ಹಿನ್ನೆಲೆ ತಮಾಷೆಯಾಗಿದೆ. ವಿಲಿಯಂ ಜೋಸೆಫ್ ವಿಲಿಯಮ್ಸ್ ಎಂಬ ಕಲಾವಿದ 1792ರಲ್ಲಿ ವಶೀಲಿ ಪತ್ರ ಹಿಡಿದುಕೊಂಡು ಹೋಗಿ ಚಿತ್ರ ಬರೆಯಲು ಕೇಳಿದ. ಕಲಾವಿದರ ಮುಂದೆ ಕೂತು ಕೂತು ಬೇಸತ್ತಿದ್ದೇನೆ, ಇನ್ನು ಕೂರುವುದಿಲ್ಲ ಎಂದು ಅಧ್ಯಕ್ಷರು ವಾಪಸ್ ಕಳಿಸಿದರು. ಆದರೆ ಅಲೆಕ್ಸಾಂಡ್ರಿಯಾ ಲಾಡ್ಜ್ ನಂಬರ್ 22 ಕೇಳಿಕೊಂಡಾಗ ಒಪ್ಪಿದರು. ಅದು ಮನೆಗೆ ಹತ್ತಿರದ ಊರು. 1788ರಲ್ಲಿ ವರ್ಜೀನಿಯಾದ ಸನ್ನದು ಸಿಕ್ಕಾಗ ಆ ಲಾಡ್ಜ್‌ನ ಮುಖ್ಯಸ್ಥ ಎಂದು ಇವನ ಹೆಸರೇ ಬರೆದಿತ್ತು. 1794ರಲ್ಲಿ ಚಿತ್ರ ಮುಗಿಯಿತು. ಅದರಲ್ಲಿ 62 ವರ್ಷದ ಮುದುಕ ಇದ್ದಾನೆ. ಬಾರ್ಬಡೋಸ್‌ನಲ್ಲಿ ಹುಡುಗನಾಗಿದ್ದಾಗ ಬಂದ ಸಿಡುಬಿನ ಕಲೆ, ಕೆನ್ನೆಯ ಮೇಲಿನ ಗಾಯದ ಗುರುತು, ಕಿವಿಯ ಕೆಳಗಿನ ಮಚ್ಚೆ ಎಲ್ಲವೂ ಇವೆ. ಯಾವುದನ್ನೂ ತಿದ್ದಿಲ್ಲ. ಮೇಸನಿಕ್ ಪದಕ, ಪಟ್ಟಿ ತೊಟ್ಟಿದ್ದಾನೆ. ಮುಖದಲ್ಲಿ ಮಾತ್ರ ದಣಿವು.

ಆದರೆ ಮುಂದಿನ ಶತಮಾನದ ಜನಪದ ಚಿತ್ರಕಾರರು ಈ ಮುಖವನ್ನು ತೆಗೆದುಕೊಳ್ಳಲಿಲ್ಲ. ಅವರಿಗೆ ಬೇಕಾದದ್ದು ಎಲ್ಲರಿಗೂ ಗೊತ್ತಿದ್ದ ಮುಖ. ಅದು ಗಿಲ್ಬರ್ಟ್ ಸ್ಟುವರ್ಟ್ 1796ರಲ್ಲಿ ಬರೆದು ಮುಗಿಸದೆ ಬಿಟ್ಟ ಚಿತ್ರದ ಮುಖ. ಸ್ಟುವರ್ಟ್ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡು ಹತ್ತಾರು ನಕಲು ಮಾಡಿ ಒಂದಕ್ಕೆ 100 ಡಾಲರಿನಂತೆ ಮಾರಿದ. ಆ ನಕಲುಗಳಿಂದ ಅಚ್ಚು, ಅಚ್ಚಿನಿಂದ ಮತ್ತೆ ನಕಲು, ಕೊನೆಗೆ ಡಾಲರ್ ನೋಟು. ಆ ಬಿಗಿದ ತುಟಿಗೂ ಒಂದು ಕಾರಣವಿದೆ. ಅಧ್ಯಕ್ಷನಾಗುವ ಹೊತ್ತಿಗೆ ಅವನ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ನೀರಾನೆಯ ದಂತದ, ಸ್ಪ್ರಿಂಗ್ ಇದ್ದ ಕಟ್ಟಿಸಿದ ಹಲ್ಲು ತುಟಿಯನ್ನು ಮುಂದಕ್ಕೆ ತಳ್ಳುತ್ತಿತ್ತು. ಹಲ್ಲಿನ ನೋವೇ ಒಂದು ದೇಶದ ಗಾಂಭೀರ್ಯದ ಮಾದರಿಯಾಯಿತು.

ಜನಪದ ಚಿತ್ರಕಾರ ಅಂದರೆ ಯಾರು? ಅಂಗಡಿಯ ಬೋರ್ಡು, ಗಾಡಿ, ಕುರ್ಚಿಗೆ ಬಣ್ಣ ಹೊಡೆಯುತ್ತಾ ಊರೂರು ತಿರುಗಿ, ಕೇಳಿದವರಿಗೆ ಭಾವಚಿತ್ರ ಬರೆದುಕೊಡುತ್ತಿದ್ದವನು. ಕಲಾಶಾಲೆ ಕಂಡವನಲ್ಲ. ಅನೇಕ ಬಾರಿ ತನ್ನ ಹೆಸರನ್ನೂ ಹಾಕಿದವನಲ್ಲ. ಅವನ ಮುಂದೆ ಸ್ಟುವರ್ಟ್ ಮುಖದ ಒಂದು ಅಚ್ಚು ಇರುತ್ತದೆ. ಲಾಡ್ಜ್‌ನವರು ತೋರಿಸಿದ ಒಂದು ಏಪ್ರನ್ ಇರುತ್ತದೆ. ಮೇಸನಿಕ್ ಪುಸ್ತಕದಲ್ಲಿನ ಕಂಬ, ಕಣ್ಣು, ನಕ್ಷತ್ರದ ಚಿತ್ರಗಳಿರುತ್ತವೆ. ಮೂರನ್ನೂ ಸೇರಿಸುತ್ತಾನೆ. ನಾವು ಇಂದು ಫೋಟೊಶಾಪ್‌ನಲ್ಲಿ ಮಾಡುವುದನ್ನೇ ಅವನು ಕುಂಚದಲ್ಲಿ ಮಾಡುತ್ತಾನೆ. ಅದಕ್ಕೇ ಆ ಚಿತ್ರಗಳಲ್ಲಿ ತಲೆ ಒಬ್ಬರದು, ಮೈ ಇನ್ನೊಬ್ಬರದು ಅನ್ನಿಸುತ್ತದೆ. ಮುಖಕ್ಕೆ ನೆರಳು-ಬೆಳಕು ಇದೆ, ಮೈ ರಟ್ಟಿನಿಂದ ಕತ್ತರಿಸಿದಂತೆ ಚಪ್ಪಟೆ. ಕೈಬೆರಳು ಬರೆಯುವುದು ಕಷ್ಟ, ಹಾಗಾಗಿ ಕೈಗೆ ಏನಾದರೂ ಹಿಡಿಸಿಬಿಡುತ್ತಾನೆ. ಚೌಕಳಿಯ ನೆಲ ಹಿಂದಕ್ಕೆ ಸರಿಯುವ ಬದಲು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಇದನ್ನು ನೋಡಿ ನಗುವುದು ಸುಲಭ. ನಕ್ಕರೆ ಅದರ ಕೆಲಸ ನಮಗೆ ಕಾಣುವುದಿಲ್ಲ. ನೋಡಲು ಬಂದವನಿಗೆ ಅದು ಮೂರು ವಿಷಯ ತಕ್ಷಣ ಹೇಳಬೇಕು: ಇವನು ವಾಷಿಂಗ್ಟನ್, ಇವನು ನಮ್ಮವನು, ಆದ್ದರಿಂದ ನಾವು ಒಳ್ಳೆಯವರು. ಮೂರನೆಯದನ್ನು ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯ ಯಾಕೆ ಬಂತು ಎಂಬುದೇ ಈ ಕಥೆಯ ತಿರುಳು.

1826ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟಾವಿಯಾ ಎಂಬ ಸಣ್ಣ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬಾತ ಮೇಸನ್ನರ ಗುಟ್ಟುಗಳನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸುತ್ತೇನೆ ಎಂದ. ಸಣ್ಣ ಸಾಲದ ನೆಪದಲ್ಲಿ ಅವನನ್ನು ಕ್ಯಾನಂಡೈಗುವಾ ಜೈಲಿಗೆ ಹಾಕಿದರು. ಸೆಪ್ಟೆಂಬರಿನ ಒಂದು ರಾತ್ರಿ ಯಾರೋ ಸಾಲ ತೀರಿಸಿ ಬಿಡಿಸಿಕೊಂಡು, ಗಾಡಿಗೆ ಹತ್ತಿಸಿಕೊಂಡು ಹೋದರು. ಆಮೇಲೆ ಮಾರ್ಗನ್ ಮನೆಗೆ ಬರಲೇ ಇಲ್ಲ. ಅಪಹರಣದಲ್ಲಿ ಸಿಕ್ಕಿಬಿದ್ದವರಿಗೆ ಸಿಕ್ಕಿದ್ದು ಹಗುರವಾದ ಶಿಕ್ಷೆ. ಪೊಲೀಸರು, ನ್ಯಾಯಾಧೀಶರು, ಪಂಚರಲ್ಲಿ ಎಷ್ಟೋ ಮಂದಿ ಮೇಸನ್ನರೇ ಎಂದು ಜನ ರೊಚ್ಚಿಗೆದ್ದರು. ಗುಟ್ಟಿನ ಪ್ರಮಾಣ ಮಾಡಿದವನು ಮೊದಲು ಕಾನೂನಿಗೆ ನಿಷ್ಠನೋ, ತನ್ನ ಸೋದರನಿಗೋ? ಈ ಪ್ರಶ್ನೆ ಎಲ್ಲ ಕಾಲದ, ಎಲ್ಲ ಸಂಘಗಳಿಗೂ ಸಲ್ಲುತ್ತದೆ.

ಆ ಕೋಪದಿಂದ ಒಂದು ರಾಜಕೀಯ ಪಕ್ಷವೇ ಹುಟ್ಟಿತು: ಆಂಟಿ-ಮೇಸನಿಕ್ ಪಾರ್ಟಿ. ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ರಾಷ್ಟ್ರೀಯ ಸಮಾವೇಶದಲ್ಲಿ ಆರಿಸುವ ಪದ್ಧತಿ ಶುರು ಮಾಡಿದ್ದು ಇವರೇ, 1831ರಲ್ಲಿ, ಬಾಲ್ಟಿಮೋರಿನಲ್ಲಿ. ಆರಿಸಿದ ವಿಲಿಯಂ ವರ್ಟ್ ಸ್ವತಃ ಹಿಂದೆ ಮೇಸನ್ ಆಗಿದ್ದವನು ಎಂಬುದು ಬೇರೆ ಮಾತು. 1832ರಲ್ಲಿ ಅವನು ಗೆದ್ದದ್ದು ವರ್ಮಾಂಟ್ ಒಂದೇ ರಾಜ್ಯ, 7 ಮತ. ಗೆದ್ದ ಆಂಡ್ರ್ಯೂ ಜಾಕ್ಸನ್ ಟೆನೆಸಿಯ ಮೇಸನ್ನರ ಮಾಜಿ ಮುಖ್ಯಸ್ಥ. ಆದರೂ ಪೆಟ್ಟು ಬಿದ್ದಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ನೂರಾರು ಲಾಡ್ಜ್‌ಗಳು ಬಾಗಿಲು ಹಾಕಿದವು.

ಜಗಳ ಸಹಜವಾಗಿಯೇ ವಾಷಿಂಗ್ಟನ್ನಿನ ಹತ್ತಿರ ಬಂತು. ಮೇಸನ್ನರು ‘ವಾಷಿಂಗ್ಟನ್ ನಮ್ಮವನು, ನಾವು ದೇಶದ್ರೋಹಿಗಳಾಗುವುದು ಹೇಗೆ’ ಎಂದರು. ವಿರೋಧಿಗಳು ಒಂದು ಪತ್ರ ಹೊರತೆಗೆದರು. 1798ರಲ್ಲಿ ಮೇರಿಲ್ಯಾಂಡಿನ ಸ್ನೈಡರ್ ಎಂಬ ಪಾದ್ರಿ ಇಲ್ಯೂಮಿನಾಟಿ ಸಂಚಿನ ಬಗ್ಗೆ ಒಂದು ಪುಸ್ತಕ ಕಳಿಸಿ ವಾಷಿಂಗ್ಟನ್ನಿಗೆ ಎಚ್ಚರಿಕೆ ಕೊಟ್ಟಿದ್ದ. (ನೋಡಿ, ಫಾರ್ವರ್ಡ್ ಮಾಡುವವರು ಆಗಲೂ ಇದ್ದರು.) ಸೆಪ್ಟೆಂಬರ್ 25ರ ಉತ್ತರದಲ್ಲಿ ವಾಷಿಂಗ್ಟನ್ ಹೇಳಿದ್ದು ಇಷ್ಟು: ನಾನು ಯಾವ ಲಾಡ್ಜ್‌ಗೂ ಅಧ್ಯಕ್ಷನಲ್ಲ, ಕಳೆದ ಮೂವತ್ತು ವರ್ಷಗಳಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಲಾಡ್ಜ್ ಒಳಗೆ ಹೋಗಿಲ್ಲ. 1837ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರ್ ಜೋಸೆಫ್ ರಿಟ್ನರ್ ಇಂಥ ಕಾಗದಗಳನ್ನೆಲ್ಲ ಸೇರಿಸಿ, ವಾಷಿಂಗ್ಟನ್ನನ್ನು ಗುಪ್ತ ಸಂಘಗಳ ‘ಕಳಂಕ’ದಿಂದ ಪಾರು ಮಾಡುತ್ತೇನೆಂದು ವರದಿಯನ್ನೇ ಬರೆದ. ಅಂದರೆ ಒಬ್ಬರಿಗೆ ಗೌರವದ ಪದಕವಾದದ್ದು ಇನ್ನೊಬ್ಬರಿಗೆ ತೊಳೆಯಬೇಕಾದ ಕೊಳೆ.

ಸತ್ಯ ಯಾರ ಕಡೆ? ಎರಡೂ ಕಡೆಯವರ ಕೈಯಲ್ಲಿ ಅಸಲಿ ಕಾಗದಗಳಿದ್ದವು. 1790ರಲ್ಲಿ ನ್ಯೂಪೋರ್ಟಿನ ಮೇಸನ್ನರಿಗೆ ಅವನೇ ಆತ್ಮೀಯವಾದ ಉತ್ತರ ಬರೆದಿದ್ದಾನೆ. 1793ರ ಅಡಿಗಲ್ಲು ಸುಳ್ಳಲ್ಲ. ಹಾಗೆಯೇ 1798ರ ಪತ್ರವೂ ಸುಳ್ಳಲ್ಲ. ಎಲ್ಲ ಸೇರಿಸಿ ಓದಿದರೆ ಕಾಣುವ ಮನುಷ್ಯ ಸರಳ: ಹರೆಯದಲ್ಲಿ ಸೇರಿದ, ಆ ಆದರ್ಶಗಳ ಬಗ್ಗೆ ಗೌರವ ಇಟ್ಟುಕೊಂಡ, ಕರೆದಾಗ ಮೆರವಣಿಗೆಗೆ ಬಂದ, ಆದರೆ ತಿಂಗಳ ಮೀಟಿಂಗಿಗೆ ಹೋಗದ ಸದಸ್ಯ. ನಮ್ಮ ಕನ್ನಡ ಸಂಘಗಳಲ್ಲಿ ಇಂಥ ಸದಸ್ಯರೇ ಹೆಚ್ಚು. ರಾಜ್ಯೋತ್ಸವಕ್ಕೆ ಬರುತ್ತಾರೆ, ವಂತಿಗೆ ಕೊಡುತ್ತಾರೆ, ಕಾರ್ಯಕಾರಿ ಸಮಿತಿ ಅಂದರೆ ಊರಲ್ಲಿರುವುದಿಲ್ಲ. ಆದರೆ ‘ಆಗೊಮ್ಮೆ ಈಗೊಮ್ಮೆ ಬರುವ ಸದಸ್ಯ’ನ ಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಚಿತ್ರಕ್ಕೆ ಒಂದೋ ಏಪ್ರನ್ ಬೇಕು, ಇಲ್ಲವೇ ಬೇಡ. ಅರ್ಧ ಏಪ್ರನ್ ಬರೆಯಲಾಗುವುದಿಲ್ಲ.

ಹಾಗಾಗಿ ಗೋಡೆಯ ಮೇಲೆ ಗೆದ್ದದ್ದು ಚಿತ್ರ. ಮೇಸನ್ನರು ನಿಧಾನವಾಗಿ ಚೇತರಿಸಿಕೊಂಡ ಶತಮಾನದ ನಡುಭಾಗದಲ್ಲಿ ಇಂಥ ಚಿತ್ರಗಳು ಎಲ್ಲೆಡೆ ಕಾಣಿಸತೊಡಗಿದವು. ಅಂತರ್ಯುದ್ಧ ಮುಗಿದ 1860ರ ದಶಕದಲ್ಲಿ ಸಿನ್ಸಿನಾಟಿಯ ಸ್ಟ್ರೋಬ್ರಿಜ್ ಕಂಪನಿ ಬಣ್ಣದ ಅಚ್ಚಿನಲ್ಲಿ ಏಪ್ರನ್ ಕಟ್ಟಿದ ವಾಷಿಂಗ್ಟನ್ನನ್ನು ಮುದ್ರಿಸಿ ಮಾರಿತು. ಉತ್ತರ-ದಕ್ಷಿಣ ಎಂದು ಕೊಂದಾಡಿಕೊಂಡ ದೇಶಕ್ಕೆ, ಎರಡೂ ಕಡೆ ಲಾಡ್ಜ್‌ಗಳಿದ್ದ ಸಂಘ ‘ನಮಗೆ ಒಬ್ಬನೇ ತಂದೆ’ ಎಂದು ತೋರಿಸಿದಂತಿತ್ತು. ರವಿವರ್ಮನ ಅಚ್ಚಿನ ಲಕ್ಷ್ಮಿ-ಸರಸ್ವತಿ ನಮ್ಮ ಅಜ್ಜಿಯರ ದೇವರ ಮನೆ ಸೇರಿದಂತೆ ಈ ಅಚ್ಚೂ ಮನೆ ಮನೆಯ ಗೋಡೆ ಸೇರಿತು. ಅದನ್ನು ನೋಡಿ ಊರ ಚಿತ್ರಕಾರ ಮತ್ತೆ ಬಣ್ಣದಲ್ಲಿ ಬರೆದ. ನಕಲಿನಿಂದ ನಕಲಾಗುತ್ತ ಸಿಡುಬಿನ ಕಲೆ ಹೋಯಿತು, ಮಚ್ಚೆ ಹೋಯಿತು, ದಣಿವೂ ಹೋಯಿತು. ಏಪ್ರನ್ ಮಾತ್ರ ದೊಡ್ಡದಾಯಿತು.

ಹೋದದ್ದು ಅಷ್ಟೇ ಅಲ್ಲ. ಆ ಚಿತ್ರಗಳ ಮಟ್ಟಗೋಲು ‘ಎಲ್ಲರೂ ಸಮಾನರು’ ಎನ್ನುತ್ತದೆ. ವಾಷಿಂಗ್ಟನ್ ಸಾಯುವಾಗ ಮೌಂಟ್ ವರ್ನನ್‌ನಲ್ಲಿ 317 ಗುಲಾಮರಿದ್ದರು. ಅವರಲ್ಲಿ 123 ಮಂದಿ ಅವನ ಸ್ವಂತದವರು. ತನ್ನವರನ್ನು ಬಿಡುಗಡೆ ಮಾಡಬೇಕೆಂದು ಉಯಿಲಿನಲ್ಲಿ ಬರೆದ, ಅದೂ ಹೆಂಡತಿಯ ಕಾಲಾನಂತರ. ಆಕೆ 1801ರ ಜನವರಿ 1ರಂದೇ ಬಿಡುಗಡೆ ಮಾಡಿದಳು. ಉಳಿದವರಲ್ಲಿ ಹೆಚ್ಚಿನವರು ಆಕೆಯ ಮೊದಲ ಗಂಡನ ಆಸ್ತಿಗೆ ಸೇರಿದವರು, ವಾರಸುದಾರರಿಗೆ ಹಂಚಿಹೋದರು.

ಅದೇ ಕಾಲದಲ್ಲಿ ಬಾಸ್ಟನ್ನಿನಲ್ಲಿ ಪ್ರಿನ್ಸ್ ಹಾಲ್ ಎಂಬ ಕಪ್ಪು ಜನಾಂಗದ ಸ್ವತಂತ್ರ ಮನುಷ್ಯನಿದ್ದ. ಚರ್ಮದ ಕೆಲಸ ಅವನ ಕಸುಬು. ಅವನು ಮತ್ತು ಇತರ 14 ಕಪ್ಪು ಜನರು ಮೇಸನ್ನರಾದದ್ದು ಬ್ರಿಟಿಷ್ ಸೈನ್ಯದ ಲಾಡ್ಜ್ ಒಂದರ ಮೂಲಕ. ಬಿಳಿಯ ಅಮೆರಿಕನ್ ಸೋದರರು ಪಕ್ಕ ಕೂರಿಸಿಕೊಳ್ಳಲಿಲ್ಲ. ಕೊನೆಗೆ 1784ರಲ್ಲಿ ಇಂಗ್ಲೆಂಡಿನಿಂದ ಸನ್ನದು ತರಿಸಿಕೊಂಡು ‘ಆಫ್ರಿಕನ್ ಲಾಡ್ಜ್’ ಕಟ್ಟಿದರು. ಇದೇ ಪ್ರಿನ್ಸ್ ಹಾಲ್ 1777ರಲ್ಲಿ, ದೇಶ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದಾಗ, ಗುಲಾಮಗಿರಿ ರದ್ದು ಮಾಡಿ ಎಂದು ಮ್ಯಾಸಚೂಸೆಟ್ಸ್ ಶಾಸನಸಭೆಗೆ ಮನವಿ ಕೊಟ್ಟವರಲ್ಲಿ ಒಬ್ಬ. ಅವನ ಹೆಸರಿನ ಲಾಡ್ಜ್‌ಗಳು ಇವತ್ತಿಗೂ ಇವೆ. ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳು ಮತ್ತು ಅವು ಪರಸ್ಪರ ಒಪ್ಪಿಕೊಳ್ಳುವ ಕೆಲಸ ಗಟ್ಟಿಯಾಗಿ ಶುರುವಾದದ್ದು 1989ರಲ್ಲಿ, ಕನೆಕ್ಟಿಕಟ್‌ನಲ್ಲಿ. ಮಟ್ಟಗೋಲು ಮಟ್ಟಕ್ಕೆ ಬರಲು ಇನ್ನೂರು ವರ್ಷ ಬೇಕಾಯಿತು.

ಆ ಚಿತ್ರಗಳ ಮುಂದುವರಿಕೆಯನ್ನು ನೋಡಬೇಕೆನ್ನುವವರು ವಾಷಿಂಗ್ಟನ್ ಡಿಸಿಗೆ ಆನ್‌ಸೈಟ್ ಹೋದಾಗ, ಇಲ್ಲವೇ ಮಗನ ಮನೆಗೆ ಹೋದಾಗ, ನದಿ ದಾಟಿ ಅಲೆಕ್ಸಾಂಡ್ರಿಯಾಕ್ಕೆ ಹೋಗಿ. ಗುಡ್ಡದ ಮೇಲೆ 333 ಅಡಿ ಎತ್ತರದ ಮೇಸನಿಕ್ ಸ್ಮಾರಕವಿದೆ, 1932ರಲ್ಲಿ ಉದ್ಘಾಟನೆಯಾದದ್ದು. ಒಳಗೆ 17 ಅಡಿಗೂ ಎತ್ತರದ ಕಂಚಿನ ವಾಷಿಂಗ್ಟನ್, ಸೊಂಟಕ್ಕೆ ಏಪ್ರನ್. 1950ರಲ್ಲಿ ಅದನ್ನು ಅನಾವರಣ ಮಾಡಿದ ಅಧ್ಯಕ್ಷ ಹ್ಯಾರಿ ಟ್ರೂಮನ್, ಸ್ವತಃ ಮೇಸನ್. ಊರ ಚಿತ್ರಕಾರನ ರಟ್ಟಿನ ಮೈ ಇಲ್ಲಿ ಕಂಚಾಗಿದೆ. ವಿಲಿಯಮ್ಸ್ ಬರೆದ ಮಚ್ಚೆಯ, ಸಿಡುಬಿನ ಕಲೆಯ ಮುದುಕ ಕೂಡ ಆ ಊರಿನ ಲಾಡ್ಜ್‌ನವರದೇ ಸ್ವತ್ತು.

ನಾವು ದಿನಾ ಮೊಬೈಲಿನಲ್ಲಿ ನೋಡುವ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಸತ್ತ ನಾಯಕರಿಗೆ ಶಾಲು ಹೊದಿಸುವವರು, ಪೇಟ ಕಟ್ಟುವವರು, ಬಾವುಟ ಹಿಡಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಎಐ ಬಂದ ಮೇಲೆ ಕುಂಚ ಹಿಡಿಯುವ ಶ್ರಮವೂ ಇಲ್ಲ. ಅಸಲಿಯೋ ನಕಲಿಯೋ ಎಂಬ ಒಂದೇ ಪ್ರಶ್ನೆ ಸಾಲದು. ಮೇಸನ್ ವಾಷಿಂಗ್ಟನ್ ಸುಳ್ಳೇನೂ ಆಗಿರಲಿಲ್ಲ. ಚಿತ್ರ ಮಾಡಿಸಿದವರು ಯಾರು, ಯಾವ ವರ್ಷ, ಆಗ ಅವರಿಗೆ ಏನು ಬೇಕಾಗಿತ್ತು ಎಂಬ ಮೂರು ಪ್ರಶ್ನೆ ಹೆಚ್ಚಿಗೆ ಕೇಳಿದರೆ, ಏಪ್ರನ್ ಹಿಂದಿನ ಮನುಷ್ಯ ಸ್ವಲ್ಪವಾದರೂ ಕಾಣುತ್ತಾನೆ.